ಆರನೇ ಸುತ್ತಿನ ಗಂಟೆ

ಸೆಪ್ಟೆಂಬರ್ 3, ಮಂಗಳವಾರ. ಬೆಳಿಗ್ಗೆ 7

ತೂಕ 76.2. ಇನ್ನೂ ಸುಮಾರು ನಾಲ್ಕು ಕಿಲೋ ಇಳಿಯಬೇಕು. ಅಲೆಕ್ಸಾಂಡ್ರಿಯಾದ ಕಡಲದಂಡೆಯಲ್ಲಿ ಅನ್ಫೂಶಿಯಿಂದ ಕೋಟೆಯವರೆಗೆ ಎರಡು ಸಲ ಓಡಿದೆ. ಎಡಮೊಣಕಾಲು ಹತ್ತು ನಿಮಿಷ ತಕರಾರು ಮಾಡಿ ಸುಮ್ಮನಾಯಿತು. ಮೂವತ್ನಾಲ್ಕು ವರ್ಷದ ಮೊಣಕಾಲು.

ದಡದಲ್ಲಿ ಬಲೆ ಹೊಲಿಯುತ್ತಿದ್ದವನೊಬ್ಬ ಕೂಗಿದ. "ಬಯ್ಯೂಮಿ, ಇವತ್ತು ಕಿವಿ ತೊಳ್ಕೊಂಡು ಬಂದ್ಯೇನಪ್ಪ?"

ಉಳಿದವರು ನಕ್ಕರು. ನಾನೂ ಕೈ ಎತ್ತಿದೆ. ಒಂದೂವರೆ ವರ್ಷದಿಂದ ಇದೇ ಜೋಕು. 'ಗಂಟೆ ಕೇಳಿಸಲಿಲ್ಲ' ಎಂದು ಟೀವಿಯಲ್ಲಿ ಹೇಳಿದವನು ನಾನೇ ತಾನೆ.

ನನ್ನ ಮೇಲಿನ ಬಾಕ್ಸಿಂಗ್ ನಿಷೇಧ ಕಳೆದ ತಿಂಗಳು ಮುಗಿಯಿತು. ಲೈಸೆನ್ಸ್ ವಾಪಸ್ ಕೊಡುವ ಮೊದಲು ಸಮಿತಿಯವರು ಅಕ್ಟೋಬರಿನಲ್ಲಿ ಒಮ್ಮೆ ಕರೆಯುತ್ತಾರೆ. ಡಿಸೆಂಬರಿನಲ್ಲಿ ಪಂದ್ಯ. ಕೈರೋದಲ್ಲೇ.

ಸೆಪ್ಟೆಂಬರ್ 5, ಗುರುವಾರ

ಪ್ರೊಮೋಟರ್ ಫಿಕ್ರಿ ಜಿಮ್‌ಗೆ ಬಂದಿದ್ದ. ಪೋಸ್ಟರ್ ತೋರಿಸಿದ. ನನ್ನ ಮುಖ, ಎರಡೂ ಕಿವಿಗೆ ಬೆರಳು. ಕೆಳಗೆ ದಪ್ಪಕ್ಷರ — 'ಈ ಸಲ ಕೇಳಿಸುತ್ತಾ?'

"ಜನ ನಿನ್ನನ್ನ ಬೈಯೋಕೇ ಟಿಕೆಟ್ ತಗೋತಾರೆ ಮಾರಾಯ," ಅಂದ. "ಬೈಯಲಿ. ಕೂರೋದು ನಮ್ಮ ಕುರ್ಚಿ ಮೇಲೆ ತಾನೇ?"

ಅದು ಸುಳ್ಳಲ್ಲ. ಹತ್ತು ವರ್ಷ ಹಾಗೇ ನಡೆಸಿದ್ದೇನೆ. ಎದುರಾಳಿ ನೆಲಕ್ಕೆ ಬಿದ್ದರೆ ಹಗ್ಗದ ಆಚೆ ಕೈ ಚಾಚುತ್ತಿದ್ದೆ, ನನ್ನ ಗುರು ಉಸ್ತಾ ಬಾಚಣಿಗೆ ಕೊಡುತ್ತಿದ್ದ, ರೆಫರಿ ಎಣಿಸುವಷ್ಟು ಹೊತ್ತು ತಲೆ ಬಾಚುತ್ತಿದ್ದೆ. ಅರ್ಧ ಸಭಾಂಗಣ ಶಿಳ್ಳೆ, ಅರ್ಧ ಉಗುಳು.

ಫಿಕ್ರಿಗೆ ಇನ್ನೊಂದು ಬೇಕು. ಪತ್ರಿಕಾಗೋಷ್ಠಿಗೆ ನನ್ನ ಕೊನೇ ಪಂದ್ಯದ ಎದುರಾಳಿ ವಗೀಹ್ ಬರಬೇಕು. ಎಲ್ಲರೆದುರು ನನ್ನನ್ನು ಅಪ್ಪಿಕೊಳ್ಳಬೇಕು. ಹಾಗಾದರೆ ಸಮಿತಿಯೂ ಮೆತ್ತಗಾಗುತ್ತದೆ.

"ನೀನೇ ಅವನೂರು ದಮಿಯಾತಕ್ಕೆ ಹೋಗಿ ಕೇಳು. ನಾನು ಕೇಳಿದ್ರೆ ವ್ಯಾಪಾರ ಅಂದ್ಕೋತಾನೆ."

ಉಸ್ತಾ ಮಿತ್ವಲ್ಲಿ ಮೂಲೆಯಲ್ಲಿ ಗ್ಲೌಸ್ ಒರೆಸುತ್ತಿದ್ದ. ಹದಿನಾಲ್ಕನೇ ವಯಸ್ಸಿನಿಂದ ನನ್ನ ಗುರು.

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಬರೆಯಲು ಕೂತು ಎದ್ದುಹೋದೆ. ಇವತ್ತು ಬರೆಯುತ್ತೇನೆ. ಇದನ್ನು ಯಾರು ಓದುತ್ತಾರೆ.

ಕೇಳಿಸಿತ್ತು.

ಆರನೇ ಸುತ್ತು. ವಗೀಹ್ ನನ್ನನ್ನು ಹಗ್ಗಕ್ಕೆ ಒತ್ತಿ, ಹೊಡೆಯುವ ಬದಲು ಗ್ಲೌಸಿನಿಂದ ನನ್ನ ತಲೆಗೂದಲು ಕೆದರಿದ. ಮಗುವಿಗೆ ಮಾಡುವ ಹಾಗೆ. ಇಡೀ ಸಭಾಂಗಣ ನಕ್ಕಿತು. ನನ್ನ ಜನವೂ. ಸುತ್ತು ಮುಗಿದ ಗಂಟೆ ಮೊಳಗಿತು. ಅವನು ಕೈ ಇಳಿಸಿ ತನ್ನ ಮೂಲೆಯ ಕಡೆ ತಿರುಗಿದ. ಆಮೇಲೆ ಹೊಡೆದೆ.

ಅವನು ಬಿದ್ದಿದ್ದಾಗಲೇ ಉಸ್ತಾ ನನ್ನ ಬಾಯಿಂದ ಗಾರ್ಡ್ ತೆಗೆಯುತ್ತ ಕಿವಿಯಲ್ಲಿ ಹೇಳಿದ, "ಕೇಳಿಸಲಿಲ್ಲ ಅನ್ನು. ಅಷ್ಟೇ ಅನ್ನು." ಅಷ್ಟೇ ಅಂದೆ. ಆಕಸ್ಮಿಕ ಎಂದು ಬರೆದುಕೊಂಡರು. ಪಂದ್ಯಕ್ಕೆ ಫಲಿತಾಂಶವೇ ಇಲ್ಲ. ಆದರೂ ಅಜಾಗರೂಕತೆಗೆಂದು ನನಗೆ ಹದಿನೆಂಟು ತಿಂಗಳು ನಿಷೇಧ. ವಗೀಹ್‌ಗೆ ಮಿದುಳಿನಲ್ಲಿ ರಕ್ತ, ಎರಡು ಆಪರೇಷನ್, ಎಳೆದು ಹಾಕುವ ಬಲಗಾಲು.

ಸೆಪ್ಟೆಂಬರ್ 14, ಶನಿವಾರ

ನಾಳೆ ದಮಿಯಾತಕ್ಕೆ ಹೋಗುತ್ತೇನೆ ಎಂದು ಇನ್ಶಿರಾಹ್‌ಗೆ ಹೇಳಿದೆ. ರೊಟ್ಟಿ ಮಡಚುತ್ತಿದ್ದವಳು ಹಾಗೇ ನಿಂತಳು.

"ಬರಿಗೈಲಿ ಹೋಗಬೇಡಿ."

"ಏನು ತಗೊಂಡು ಹೋಗಲಿ?"

ಹನ್ನೊಂದು ವರ್ಷ ಬಾಕ್ಸರನ ಹೆಂಡತಿ. ಅವಳಿಗೂ ಹೊಳೆಯಲಿಲ್ಲ.

"ಬಸ್‌ಬೂಸಾನೇ ತಗೊಂಡು ಹೋಗಿ," ಅಂದಳು ಕೊನೆಗೆ. "ಸಿಹಿ ಬೇಡ ಅನ್ನೋ ಮನೆ ಇಲ್ಲ."

ಸೆಪ್ಟೆಂಬರ್ 15, ಭಾನುವಾರ. ವಾಪಸ್ ಬರುವಾಗ, ಮೈಕ್ರೋಬಸ್ಸಿನಲ್ಲಿ

ಅಕ್ಷರ ಸೊಟ್ಟ ಬರುತ್ತಿದೆ. ರಸ್ತೆಯದೇ ಇರಬೇಕು.

ವಗೀಹ್ ಮಾವನ ಅಂಗಡಿಯಲ್ಲಿ ಕುರ್ಚಿಗಳಿಗೆ ಪಾಲಿಶ್ ಹಚ್ಚುತ್ತಾನೆ. ಕೂತೇ ಮಾಡುವ ಕೆಲಸ. ನನ್ನನ್ನು ನೋಡಿ ಬಟ್ಟೆ ಕೆಳಗಿಟ್ಟ. ತಲೆಯ ಒಂದು ಪಕ್ಕ ಕೂದಲು ಸರಿಯಾಗಿ ಬೆಳೆದಿಲ್ಲ.

"ದಪ್ಪ ಆಗಿದ್ದೀಯ," ಅಂದ.

"ನಾಲ್ಕು ಕಿಲೋ."

"ಆರು ಇರಬೇಕು. ನನಗೆ ಸುಳ್ಳು ಹೇಳಬೇಡ, ಕಣ್ಣು ಚೆನ್ನಾಗೇ ಇದೆ."

ಮಾತು ನಿಧಾನ. ಒಂದೊಂದು ಪದವನ್ನೂ ಎತ್ತಿ ಇಟ್ಟಂತೆ. ಅವನ ಹೆಂಡತಿ ಸಮಾಹ್ ಚಹಾ ತಂದಳು. ಸಿಹಿಯ ಡಬ್ಬಿ ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ. ಬಾಗಿಲ ಹತ್ತಿರವೇ ನಿಂತಳು. ಮಗಳು ಅಜ್ಜಿ ಮನೆಗೆ ಹೋಗಿದ್ದಾಳೆಂದು ವಗೀಹ್ ಹೇಳಿದ.

ಫಿಕ್ರಿ ಹೇಳಿಕೊಟ್ಟ ಮಾತನ್ನು ಶುರು ಮಾಡಿದೆ. ಪತ್ರಿಕಾಗೋಷ್ಠಿ, ನಾಲ್ಕು ಜನರೆದುರು... ವಗೀಹ್ ಕೈ ಅಡ್ಡ ಹಿಡಿದ.

"ಬರ್ತೀನಿ ಬಿಡು. ಅದಕ್ಕೆ ಮುಂಚೆ ನಂಗೊಂದು ಕೆಲಸ ಮಾಡಿಕೊಡು. ಆ ದಿನ ನನಗೆ ನೆನಪಿಲ್ಲ. ತೂಕ ನೋಡಿದ್ದು ಗೊತ್ತು. ಆಮೇಲೆ ಆಸ್ಪತ್ರೆ ಸೂರು. ವಿಡಿಯೋ ನೋಡೋಕೆ ಇವಳು ಬಿಡಲ್ಲ. ಕಂಡೋರೆಲ್ಲ ಒಂದೊಂದು ಕತೆ ಹೇಳ್ತಾರೆ. ರಿಂಗಿನಲ್ಲಿ ಇದ್ದವರು ನಾವಿಬ್ಬರೇ. ನೀನು ಹೇಳು."

"ಏನು ಹೇಳಲಿ?"

"ಮೊದಲನೇ ಸುತ್ತಿಂದ."

ಹೇಳಿದೆ. ಮೊದಲ ಸುತ್ತಿನಲ್ಲಿ ಅವನ ಎಡಗೈ ಹೇಗೆ ನನ್ನನ್ನು ದೂರವೇ ನಿಲ್ಲಿಸಿತು. ಎರಡನೆಯದರಲ್ಲಿ ನನ್ನ ಪಕ್ಕೆಗೆ ಬಿದ್ದ ಹೊಡೆತ, ಇವತ್ತಿಗೂ ಚಳಿಯಲ್ಲಿ ನೋಯುತ್ತದೆ ಎಂದೆ. ಅವನು ಕಣ್ಣು ಮುಚ್ಚಿ ಕೇಳಿದ. ಭುಜ ಸಣ್ಣಗೆ ಅಲ್ಲಾಡುತ್ತಿತ್ತು. ಮೂರನೆಯದು ನನ್ನದು. ನಾಲ್ಕು, ಐದು ಅವನದೇ. ಯಾರಿಗೂ ಹೀಗೆ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ನನಗೇ ಗೊತ್ತಾಯಿತು, ಎಷ್ಟು ಚೆನ್ನಾಗಿ ಆಡಿದ್ದ ಆ ದಿನ.

"ಆರು?" ಅಂದ.

ಚಹಾ ಕುಡಿದೆ. ಲೋಟ ಖಾಲಿಯಾಗಿತ್ತು, ಆದರೂ ಕುಡಿದೆ.

"ಆರರಲ್ಲಿ ನೀನು ನನ್ನ ಕೂದಲು ಕೆದರಿದೆ. ಜನ ನಕ್ಕರು. ಗಂಟೆ ಆಯ್ತು. ನೀನು ಕೈ ಇಳಿಸಿದೆ. ನಾನು ಹೊಡೆದೆ."

"ಗಂಟೆ ಕೇಳಿಸಲಿಲ್ಲ ಅಂದ್ಯಲ್ಲ."

"ಕೇಳಿಸಿತ್ತು."

ಒಳಗೆ ಯಾರೋ ಗರಗಸ ಎಳೆಯುತ್ತಿದ್ದರು. ಅದು ಒಂದು ಹಲಗೆ ಮುಗಿಸಿತು. ವಗೀಹ್ ಬೈಯುತ್ತಾನೆ, ಕೈಯಲ್ಲಿದ್ದದ್ದನ್ನು ಎಸೆಯುತ್ತಾನೆ ಅಂದುಕೊಂಡೆ. ಎಸೆಯಲಿ ಅಂತಲೂ ಅಂದುಕೊಂಡೆ.

"ಹಾಗಾದ್ರೆ ಆರನೆಯದೂ ಸೇರಿ ಐದು ಸುತ್ತು ನನ್ನದು," ಅಂದ. "ಆರರಲ್ಲಿ ಐದು."

"ಐದು."

ತಲೆ ಆಡಿಸಿದ. ಮತ್ತೆ ಮತ್ತೆ ಆಡಿಸಿದ. ಆಮೇಲೆ ಮುಖ ಗೋಡೆ ಕಡೆ ತಿರುಗಿಸಿಕೊಂಡ.

ಹೊರಗೆ ಬಂದಾಗ ಸಮಾಹ್ ಹಿಂದೆಯೇ ಬಂದಳು. ಆಗ ಮೊದಲ ಸಲ ನನ್ನನ್ನು ನೋಡಿದಳು.

"ಒಂದೂವರೆ ವರ್ಷ ಇವರು ಏನಂತಿದ್ರು ಗೊತ್ತಾ? 'ಅವನಿಗೆ ಗಂಟೆ ಕೇಳಿಸಿಲ್ಲ, ನಾನೇ ನೋಡದೆ ಕೈ ಇಳಿಸಿಬಿಟ್ಟೆ ಸಮಾಹ್, ನಂದೇ ತಪ್ಪು, ಮಗಳ ಬಾಯಿಂದ ತುತ್ತು ಕಿತ್ಕೊಂಡೆ' ಅಂತ. ರಾತ್ರಿ ಹಗಲು ಅದೇ. ಹೋಗಿದ್ದು ಕಾಲಷ್ಟೇ ಅಂದ್ಕೊಂಡಿದ್ದೀರಾ ನೀವು?"

ಬಸ್ಸು ನಿಲ್ಲುವ ಕಡೆ ಹೆಜ್ಜೆ ಇಟ್ಟೆ, ಅವಳು ಅಡ್ಡ ಬಂದಳು.

"ಇಲ್ಲಿ ಕುರ್ಚಿಗಳ ಮುಂದೆ ಹೇಳಿದ್ರಲ್ಲ, ಅದನ್ನ ಮನುಷ್ಯರ ಮುಂದೆ ಹೇಳಿ. ಆಮೇಲೆ ಅಪ್ಪಿಕೊಳ್ಳೋ ಮಾತು."

ಸೆಪ್ಟೆಂಬರ್ 16, ಸೋಮವಾರ

ಓಡಲಿಲ್ಲ. ತೂಕ ನೋಡಲಿಲ್ಲ.

ಸೆಪ್ಟೆಂಬರ್ 29, ಭಾನುವಾರ

74.1. ದೇಹ ತನ್ನ ಪಾಡಿಗೆ ತಯಾರಾಗುತ್ತಿದೆ. ಸ್ಪಾರಿಂಗ್ ಎಂಟು ಸುತ್ತು, ಎಲ್ಲ ಚೆನ್ನಾಗಿತ್ತು. ಅದೇ ಕಷ್ಟ. ಸೋತು ಸುಣ್ಣವಾಗಿದ್ದರೆ ನಿಜ ಹೇಳುವುದು ಸುಲಭವಿತ್ತು.

ಸಮಿತಿಯ ಮುಂದೆ ಬಾಯಿ ಬಿಟ್ಟರೆ ಡಿಸೆಂಬರ್ ಇಲ್ಲ. ಆಮೇಲೆ ಯಾವ ತಿಂಗಳೂ ಇಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ. ನಿಜ ಹೇಳಿದರೂ ವಗೀಹ್‌ನ ಕಾಲು ಸರಿಯಾಗುತ್ತದೆಯೇ — ದಿನಕ್ಕೆ ಹತ್ತು ಸಲ ಇದನ್ನೇ ಕೇಳಿಕೊಳ್ಳುತ್ತೇನೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಕೇಳುವವನು ನಾನು.

ಅಕ್ಟೋಬರ್ 22, ಮಂಗಳವಾರ. ಕೈರೋ

ಉದ್ದ ಮೇಜು, ಐದು ಜನ. ಅಧ್ಯಕ್ಷರು ಕಡತ ತಿರುವುತ್ತ ಕೇಳಿದರು, "ಪಶ್ಚಾತ್ತಾಪ ಇದೆಯಾ ಬಯ್ಯೂಮಿ ಶಿಹಾತಾ?" ಇದೆ ಎಂದರೆ ಸಾಕಿತ್ತು. ಫಿಕ್ರಿ ಆಗಲೇ ಪೆನ್ನು ತೆಗೆದಿದ್ದ.

"ಗಂಟೆ ಕೇಳಿಸಿತ್ತು ಸರ್. ಕೇಳಿದ ಮೇಲೇ ಹೊಡೆದೆ," ಅಂದೆ.

ಅಧ್ಯಕ್ಷರು ಕನ್ನಡಕ ತೆಗೆದರು. "ಯೋಚನೆ ಮಾಡಿ ಮಾತಾಡ್ತಾ ಇದ್ದೀರಾ?"

"ಅವತ್ತು ಯೋಚಿಸಿ ಹೇಳಿದ್ದು ಸುಳ್ಳು ಸರ್. ಇದು ಯೋಚಿಸದೆ ಹೇಳೋ ಮಾತು."

ನಮ್ಮನ್ನು ಹೊರಗೆ ಕೂರಿಸಿದರು. ಒಂದು ಗಂಟೆಯ ನಂತರ ಓದಿದರು. ನನ್ನ ಲೈಸೆನ್ಸ್ ಶಾಶ್ವತವಾಗಿ ರದ್ದು. ಪಂದ್ಯದ ದಾಖಲೆ ತಿದ್ದುಪಡಿ — ಬಯ್ಯೂಮಿ ಶಿಹಾತಾ ಅನರ್ಹ, ವಗೀಹ್ ಅಬ್ದುಲ್ ಮಲಿಕ್‌ಗೆ ಜಯ.

ಮೆಟ್ಟಿಲ ಮೇಲೆ ಫಿಕ್ರಿ ನನ್ನನ್ನು ದಾಟಿ ಹೋದ. ಫೋನಿನಲ್ಲಿ ಆಗಲೇ ಬೇರೆ ಯಾರದೋ ತೂಕ ಕೇಳುತ್ತಿದ್ದ.

ರೈಲಿನಲ್ಲಿ ಉಸ್ತಾ ಕಿಟಕಿ ಕಡೆ ಕೂತ. ತಂತಾ ಸ್ಟೇಷನ್ ದಾಟಿದ ಮೇಲೆ ಮಾತಾಡಿದ.

"ನಾನೇ ಹೇಳಿಕೊಟ್ಟಿದ್ದು ಅಂತ ಯಾಕೆ ಹೇಳಲಿಲ್ಲ?"

"ಬಾಯಿ ನಂದಾಗಿತ್ತು ಉಸ್ತಾ."

ಮುದುಕ ಅಲೆಕ್ಸಾಂಡ್ರಿಯಾ ಬರುವವರೆಗೂ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದ. ನಿದ್ದೆ ಮಾಡಲಿಲ್ಲ ಎಂದು ಗೊತ್ತು. ಗೊರಕೆ ಇರಲಿಲ್ಲ.

ಅಕ್ಟೋಬರ್ 25, ಶುಕ್ರವಾರ

ಕಾಫಿ ಅಂಗಡಿಯವನು ಗೋಡೆಯ ಮೇಲಿನ ನನ್ನ ಫೋಟೋ ತೆಗೆದಿದ್ದಾನೆ. ಆ ಜಾಗ ಮಾತ್ರ ಬೆಳ್ಳಗಿದೆ. ಪತ್ರಿಕೆಗಳಲ್ಲಿ 'ಹೇಡಿ' ಎಂದು ಒಂದು, 'ಗಂಡಸು' ಎಂದು ಒಂದು. ಎರಡೂ ಓದಿದೆ. ಎರಡರಲ್ಲೂ ವಯಸ್ಸು ತಪ್ಪು.

ಬೀದಿಯಲ್ಲಿ ಕಿವಿಯ ಜೋಕು ನಿಂತಿದೆ. ಬಲೆಯವರು ನನ್ನನ್ನು ಕಂಡರೆ ಬಲೆ ನೋಡುತ್ತಾರೆ. ಜೋಕೇ ಸುಲಭವಿತ್ತು.

ಇನ್ಶಿರಾಹ್ ಇವತ್ತು ಬೆಣ್ಣೆ ಹಾಕಿ ಅನ್ನ ಮಾಡಿದಳು. ಹದಿನೈದು ವರ್ಷದಲ್ಲಿ ಮೊದಲ ಸಲ ಎರಡನೇ ತಟ್ಟೆ ಹಾಕಿಸಿಕೊಂಡೆ. ತಿನ್ನುತ್ತ ಕಣ್ಣು ತುಂಬಿತು. ಅವಳು ಉಪ್ಪು ಜಾಸ್ತಿಯಾಯಿತೇ ಎಂದು ಕೇಳಿದಳು. ಹೌದು ಅಂದೆ.

ನವೆಂಬರ್ 1, ಶುಕ್ರವಾರ. ದಮಿಯಾತ

ವಗೀಹ್ ಕರೆಸಿದ್ದ. ಫೋನಿನಲ್ಲಿ ಇಷ್ಟೇ — "ಶುಕ್ರವಾರ ಮೀನು ಹುರೀತಾರೆ. ಬಾ."

ಈಗ ಅವರ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ತಟ್ಟೆಗಳ ಸದ್ದು. ಸಮಾಹ್ ಬಾಗಿಲು ತೆಗೆದಳು, ಬನ್ನಿ ಎಂದಳು. ಅಷ್ಟೇ. ಕ್ಷಮಿಸಿದ ಹಾಗೇನೂ ಕಾಣಲಿಲ್ಲ. ನನ್ನ ತಟ್ಟೆಗೆ ದೊಡ್ಡ ಮೀನೇ ಹಾಕಿದಳು.

ಐದು ವರ್ಷದ ಮಗಳಿದ್ದಾಳೆ, ದಲಾಲ್. ಅಪ್ಪನ ಪಕ್ಕ ಕೂತು ನನ್ನ ಮೂಗನ್ನೇ ನೋಡುತ್ತಿದ್ದಳು.

"ಅಪ್ಪ, ಇವರು ಯಾರು?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಮಾಹ್‌ಳ ಕೈಯೂ. ವಗೀಹ್ ಒಂದು ಮುಳ್ಳು ತೆಗೆದು ತಟ್ಟೆಯ ಅಂಚಿನಲ್ಲಿಟ್ಟ. ಸಾವಕಾಶವಾಗಿ ಹೇಳಿದ.

"ಇವನಾ? ಇವನು ನನ್ನ ಹತ್ತಿರ ಸೋತವನು."

"ನಿಜವಾಗ್ಲೂ?" ಎಂದು ನನ್ನನ್ನು ಕೇಳಿದಳು.

"ನಿಜವಾಗ್ಲೂ. ಐದು ಸುತ್ತು," ಅಂದೆ.

ಊಟ ಮುಗಿದ ಮೇಲೆ ಇಲ್ಲಿಗೂ ಬಂದಳು. ಈಗ ಪಕ್ಕದಲ್ಲೇ ಕೂತಿದ್ದಾಳೆ, ನಾನು ಬರೆಯುವುದನ್ನು ನೋಡುತ್ತ. ಓದಲು ಬರುವುದಿಲ್ಲ, ಪುಣ್ಯ. ನಮ್ಮಪ್ಪ ಹೊಡೆದಾಗ ಎಲ್ಲಿ ನೋವಾಯಿತು ತೋರಿಸು ಎನ್ನುತ್ತಿದ್ದಾಳೆ. ಪಕ್ಕೆ ತೋರಿಸಿದೆ. ಪುಟ್ಟ ಬೆರಳಿನಿಂದ ಒತ್ತಿ ನೋಡಿ, "ಇಲ್ಲೇನಾ? ಇನ್ನೂ ನೋಯುತ್ತಾ?" ಎಂದು ಕೇಳಿದಳು. "ನೋಯುತ್ತೆ, ಚಳಿಯಲ್ಲಿ," ಅಂದೆ.