ಧಣಿಗಳು ಬರೆಸಿದ ಊರು

ಬಂದರು ಪೇಟೆ
೮-೨-೧೯೬೧

ಬೆಳುವಾಯಿಯ ಕುಸುಮಕ್ಕನಿಗೆ ತಮ್ಮ ಸಂಕಪ್ಪನ ನಮಸ್ಕಾರ.

ಈ ಕಾಗದವನ್ನು ಹಡಗಿನಲ್ಲಿ ಅಡಿಗೆ ಮಾಡುವ ಮೂಡುಬಿದಿರೆಯವರೊಬ್ಬರ ಕೈಯಲ್ಲಿ ಗುಟ್ಟಾಗಿ ಕಳಿಸುತ್ತಿದ್ದೇನೆ. ನನ್ನದೇ ಇನ್ನೊಂದು ಕಾಗದವನ್ನು ನಮ್ಮ ಹೋಟೆಲಿನ ಧಣಿಗಳ ಬಂಟ್ವಾಳದ ಭಾವ ನಿಮ್ಮ ಮನೆಗೆ ತರುತ್ತಾರೆ. ಅದರಲ್ಲಿ ಈ ದ್ವೀಪದ ದೀಪಸ್ತಂಭ, ಬಂದರಿನ ಹಡಗುಗಳು, ಸಂಜೆಯ ಪೇಟೆ ಎಲ್ಲದರ ಹೊಗಳಿಕೆ ಉಂಟು. ನಿಮ್ಮ ಮಗ ಅಣ್ಣುವನ್ನು ಇಲ್ಲಿಗೆ ಕೆಲಸಕ್ಕೆ ಕಳಿಸಿ ಎಂದೂ ಉಂಟು. ಧಣಿಗಳು ಪಕ್ಕದಲ್ಲೇ ಕುಳಿತು, "ಚಂದ ಮಾಡಿ ಬರಿ ಮಾರಾಯ, ಊರಿನಿಂದ ಜನ ಬರ್ಬೇಕು" ಎಂದು ಬರೆಸಿದರು.

ದೀಪಸ್ತಂಭ ಚಂದ ಇರುವುದು ಸುಳ್ಳಲ್ಲ. ಅಡಿಗೆಮನೆಯ ಕಿಟಕಿಯಿಂದ ಕಾಣುತ್ತದೆ. ಅದರ ಬುಡಕ್ಕೆ ನಾನು ಹೋದದ್ದಿಲ್ಲ. ಕೆಲಸ ಮುಗಿದ ಮೇಲೆ ನಮ್ಮ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತಾರೆ. ಪಾಸ್‌ಪೋರ್ಟ್‌ಗಳು ಧಣಿಗಳ ಪೆಟ್ಟಿಗೆಯಲ್ಲಿವೆ. ಮುಂಡಾಜೆಯ ಧರ್ಣಪ್ಪ ಊರಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದ. ಮರುದಿನದಿಂದ ಅವನನ್ನು ನಾವು ಕಂಡಿಲ್ಲ. ಅವನ ಮನೆಯವರಿಗೆ ಈಗಲೇ ಏನೂ ಹೇಳಬೇಡಿ.

ಅಣ್ಣುವನ್ನು ಇವತ್ತೇ ಬೆಳ್ತಂಗಡಿಯ ಚಿಕ್ಕಮ್ಮನ ಮನೆಗೆ ಕಳಿಸಿಬಿಡಿ. ಧಣಿಗಳ ಭಾವ ಬಂದರೆ ಜಗಳ ಮಾಡಬೇಡಿ, ಬೆಲ್ಲ ನೀರು ಕೊಟ್ಟು ಕೂರಿಸಿ. ನಾನಿನ್ನೂ ಅವರ ಕೈಯಲ್ಲಿದ್ದೇನೆ. ಈ ಕಾಗದವನ್ನು ಓದಿ ಒಲೆಗೆ ಹಾಕಿ.

ಅವರು ಆ ಇನ್ನೊಂದನ್ನು ತೋರಿಸಿ, ಇದು ನಿಮ್ಮ ತಮ್ಮನ ಅಕ್ಷರ ಅಲ್ಲವಾ ಎಂದು ಕೇಳುತ್ತಾರೆ. ಹೌದು ಎನ್ನಿ. ಅಕ್ಷರ ಮಾತ್ರ ನನ್ನದು.

ನಿಮ್ಮ ತಮ್ಮ,
ಸಂಕಪ್ಪ