ಹೆರಾಲ್ಡಿನ ಪಾಲಿಸಿಯಲ್ಲಿ ನಿನ್ನ ಹೆಸರು

ಅಪ್ಪನಿಗೆ, ಹಲಸೂರಿನಿಂದ ನಿನ್ನ ಸುಜಾತ ಬರೆಯುವುದು.

ನೀನು ಹೋಗಿ ಮೂರು ವರ್ಷವಾಗುತ್ತಾ ಬಂತು. ಇಷ್ಟು ದಿನ ಬರೆಯದವಳು ಈಗ ಬರೆಯಲು ಕೂತಿದ್ದೇನೆ, ಯಾಕೆಂದರೆ ಈ ವಿಷಯವನ್ನು ಬೇರೆ ಯಾರ ಹತ್ತಿರವೂ ಹೇಳಲಾಗುತ್ತಿಲ್ಲ. ನಿನ್ನ ಕಾರು ಹೋಯಿತು ಅಪ್ಪ. ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಬಹುದಾಗಿದ್ದ ವಿಮೆಯ ಹಣವೂ ಬರಲಿಲ್ಲ. ಅದು ಬರದಿದ್ದುದು ನನ್ನ ತಪ್ಪಿನಿಂದ. ಮೊದಲೇ ಹೇಳಿಬಿಟ್ಟಿದ್ದೇನೆ. ಇನ್ನು ಬೈಯುವುದಿದ್ದರೆ ಬೈದುಕೊಂಡೇ ಕೇಳು.

ಡಾಕ್ಟರಮ್ಮ ಕಾರಿನ ಕಾಗದಗಳನ್ನು ನಿನ್ನ ಕೈಗಿಟ್ಟ ದಿನ ನೆನಪಾಗುತ್ತದೆ. ಇಂದಿರಾನಗರದ ಅವರ ಮನೆಯಿಂದ ಹಲಸೂರಿನ ಕ್ಲಿನಿಕ್ಕಿಗೆ ಮೂವತ್ತು ವರ್ಷ ಆ ಹಸಿರು ಹೆರಾಲ್ಡ್ ಓಡಿಸಿದವನು ನೀನು. ಕ್ಲಿನಿಕ್ ಮುಚ್ಚಿದ ವಾರ ಅವರು ನಿನ್ನನ್ನು ಕರೆದು, "ಮುನಿಸ್ವಾಮಿ, ಬೇರೆಯವರ ಕೈಗೆ ಕೊಟ್ರೆ ಇದನ್ನ ಆರು ತಿಂಗಳಲ್ಲಿ ಕೊಂದುಬಿಡ್ತಾರೆ. ನೀನೇ ಇಟ್ಕೋ" ಅಂದರು. ನೀನು ನಮ್ಮ ಗಲ್ಲಿಯಲ್ಲಿ ತಗಡಿನ ಶೆಡ್ ಹಾಕಿ ಅದನ್ನು ನಿಲ್ಲಿಸಿದೆ. ಆಮೇಲೆ ಹಳೆಯ ಕಾರುಗಳನ್ನು ಸಂಗ್ರಹಿಸುವ ಒಬ್ಬ ಸಾಹುಕಾರರು ಬಂದು, ಬಾನೆಟ್ ತಟ್ಟಿ ನೋಡಿ, "ಇದನ್ನ ಇಟ್ಕೊಂಡು ನೀವೇನ್ರಿ ಮಾಡ್ತೀರಾ?" ಎಂದು ಕೇಳಿದರಲ್ಲ, ನೀನು ಒರೆಸುವ ಬಟ್ಟೆ ಕೆಳಗಿಡದೆಯೇ ಹೇಳಿದೆ: "ನೀವು ಇಟ್ಕೊಂಡು ಏನ್ ಮಾಡ್ತೀರೋ ಅದೇ ಸಾರ್."

ಶಿವಾಜಿನಗರಕ್ಕೆ ನಾವಿಬ್ಬರೂ ಪಾಲಿಸಿ ಮಾಡಿಸಲು ಹೋದ ಬೆಳಿಗ್ಗೆಯೂ ಹಾಗೆಯೇ ಕಣ್ಣ ಮುಂದಿದೆ. ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿ, ಇಕ್ಕಟ್ಟಾದ ಮೆಟ್ಟಿಲು, ಮೇಲೆ ವಿಮೆ ಏಜೆಂಟ್ ಫಯಾಜ್ ಭಾಯಿಯ ಒಂದೇ ಕೋಣೆಯ ಆಫೀಸು. ಅವರು ಮೊದಲು ಕಡಿಮೆ ದರದ ಥರ್ಡ್ ಪಾರ್ಟಿ ಪಾಲಿಸಿ ತೋರಿಸಿದರು. ನೀನು ಕೇಳಿದೆ, "ಇದು ನಾವು ಬೇರೆಯವರಿಗೆ ಮಾಡೋ ಗಾಯಕ್ಕೆ. ನಮಗಾಗೋ ಗಾಯಕ್ಕೆ?"

"ಅದಕ್ಕೆ ಫುಲ್ ಪಾಲಿಸಿ ಬೇಕು ಅಣ್ಣ. ಆದ್ರೆ ದೇಖೋ, ಹಳೇ ಗಾಡಿಗೆ ಕಂಪನಿಯವರು ವರ್ಷ ವರ್ಷ ಬೆಲೆ ಇಳಿಸಿ ಗುಜರಿ ರೇಟಿಗೆ ತಂದಿಡ್ತಾರೆ. ಇಂಥಾ ಗಾಡಿಗೆ ಗೊತ್ತಿರೋರ ಹತ್ರ ಬೆಲೆ ಕಟ್ಟಿಸಿ, ಏನಾದ್ರೂ ಆದ್ರೆ ಇಷ್ಟು ಕೊಡ್ತೀವಿ ಅಂತ ಮೊದಲೇ ಒಪ್ಪಿಸ್ಬೇಕು. ಪ್ರೀಮಿಯಂ ಜಾಸ್ತಿ ಬರುತ್ತೆ."

"ಬರ್ಲಿ."

"ತಿಂಗಳಿಗೆ ಎರಡು ಸಲ ಹೊರಗೆ ತೆಗೆಯೋ ಗಾಡಿಗೆ ಇಷ್ಟೊಂದಾ ಅಪ್ಪ?" ಅಂದೆ ನಾನು. ನೀನು ನನ್ನ ಕಡೆ ನೋಡಲೂ ಇಲ್ಲ. ಫಯಾಜ್ ಭಾಯಿ ಅದೇ ಸಲಿಗೆಯಲ್ಲಿ, "ಅಣ್ಣ, ಇದರ ಜೊತೆಗೆ ನಿಮಗೂ ಒಂದು ಹೆಲ್ತ್ ಪಾಲಿಸಿ ಮಾಡಿಸ್ಬಿಡಿ" ಎಂದಾಗ ಮಾತ್ರ ನೀನು ನಕ್ಕೆ. "ನಂಗೇನಾಗತ್ತೆ ಭಾಯ್, ಇನ್ನೂ ರನ್ನಿಂಗ್ ಕಂಡೀಷನ್ ಇದೀನಿ." ಆ ನಗುವನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಗೊತ್ತಾ? ಕಾರಿಗೆ ಎಲ್ಲವನ್ನೂ ಯೋಚಿಸಿದವನು ನಿನಗೆ ಮಾತ್ರ...

ಪಾಲಿಸಿ ಮನೆಗೆ ಬಂದ ಸಂಜೆ ನನ್ನಿಂದ ಅದನ್ನು ಪೂರ್ತಿ ಓದಿಸಿದೆ. ಸಣ್ಣಕ್ಷರದ ಷರತ್ತುಗಳನ್ನೂ ಬಿಡಲಿಲ್ಲ. ಕೊನೆಗೆ, "ಓನರ್ ಅಂತ ಎಲ್ಲಿದೆ, ತೋರ್ಸು" ಅಂದೆ. ನಾನು ತೋರಿಸಿದೆ. ನೀನು ಅದರ ಮೇಲೆ ಬೆರಳಿಟ್ಟುಕೊಂಡು, "ಡ್ರೈವರ್ ಅಂತ ಎಲ್ಲೂ ಬರ್ದಿಲ್ವಾ?" ಎಂದು ಕೇಳಿದೆ. ಇಲ್ಲಪ್ಪ ಅಂದೆ. ರೇಷನ್ ಕಾರ್ಡಿನಲ್ಲಿ, ನನ್ನ ಶಾಲೆಯ ಅರ್ಜಿಯಲ್ಲಿ, ಅಮ್ಮ ತೀರಿಹೋದಾಗ ಆಸ್ಪತ್ರೆಯವರು ಬರೆದುಕೊಂಡ ಪುಸ್ತಕದಲ್ಲಿ, ಎಲ್ಲ ಕಡೆಯೂ ನಿನ್ನ ಹೆಸರಿನ ಪಕ್ಕದಲ್ಲಿದ್ದದ್ದು ಆ ಒಂದು ಪದ. ದೊಡ್ಡ ಪ್ರೀಮಿಯಂ ಯಾಕೆ ಕಟ್ಟುತ್ತಿದ್ದೀಯ ಎಂದು ಆಮೇಲೆ ನಾನು ಯಾವತ್ತೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ನೀನು ಮಾತಾಡಿದ ಕೊನೆಯ ದಿನ ನೆನಪಿದೆಯಾ? ನಿನಗೆ ಹೇಗಿರುತ್ತದೆ! ಉಸಿರಿಗೆ ಕಷ್ಟಪಡುತ್ತಾ, ಕೊಳವೆ ಸರಿಸಿ ಕೇಳಿದ್ದು, "ಪಾಲಿಸಿ ಕಟ್ಟಿದ್ಯಾ?" ಎಂದು. ನಾನು ಊಟ ಮಾಡಿದ್ದೇನಾ ಎಂದಲ್ಲ. "ಕಟ್ಟಿದೀನಿ" ಎಂದು ಸುಳ್ಳು ಹೇಳಿದೆ. ಆಮೇಲೆ ಹೊರಗೆ ಬಂದು, ವಾರ್ಡಿನ ಗೋಡೆಗೆ ಒರಗಿ, ನಿನ್ನ ಫೋನಿಗೆ ಬಂದ ಒಟಿಪಿ ಒತ್ತಿ ಹಣ ಕಟ್ಟಿದೆ. ಮೂರನೆಯ ದಿನ ನೀನು ಇರಲಿಲ್ಲ.

ತಿಥಿ ಮುಗಿದ ವಾರದಲ್ಲೇ ಫಯಾಜ್ ಭಾಯಿ ಮನೆಗೆ ಬಂದರು. "ಅಕ್ಕ, ಈ ಮಾತು ಈಗ ಆಡಬಾರದು, ಆದ್ರೂ ಹೇಳ್ತೀನಿ. ಮೂರು ತಿಂಗಳೊಳಗೆ ಆರ್‌ಸಿನೂ ಪಾಲಿಸಿನೂ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಮರೀಬೇಡಿ." ಮರೆಯಲಿಲ್ಲ ಅಪ್ಪ. ಕಾಗದಗಳನ್ನೆಲ್ಲ ಜೋಡಿಸಿಕೊಂಡು ಇಂದಿರಾನಗರದ ಆರ್‌ಟಿಒ ಕಚೇರಿಗೆ ಹೋಗಿ ಅರ್ಜಿ ತುಂಬಲು ನಿಂತೆ. ಮೃತ ಮಾಲೀಕರ ಹೆಸರು ಎಂದು ಒಂದು ಸಾಲು ಇತ್ತು. ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ನಾನು, ದಿನವಿಡೀ ಫಾರಂ ತುಂಬುವುದೇ ನನ್ನ ಕೆಲಸ. ಆ ಒಂದು ಸಾಲು ತುಂಬಲು ಕೈ ಬರಲಿಲ್ಲ. ಮಾಲೀಕ ಎಂದು ನೀನು ಬದುಕಿದ್ದೇ ಎಂಟು ವರ್ಷ. ಅದನ್ನೂ ನಾನೇ ಅಳಿಸಬೇಕಾ? ಅರ್ಜಿ ಮಡಚಿಕೊಂಡು ಮನೆಗೆ ಬಂದೆ. ಮುಂದಿನ ತಿಂಗಳು ಹೋದರಾಯಿತು ಎಂದುಕೊಂಡೆ.

ಹೋಗಲಿಲ್ಲ. ಎರಡು ವರ್ಷವೂ ನಿನ್ನ ಫೋನಿನಿಂದಲೇ ನಿನ್ನ ಹೆಸರಲ್ಲೇ ಕಟ್ಟಿದೆ, ಅದೇ ಫುಲ್ ಪಾಲಿಸಿ, ನೀನು ಒಪ್ಪಿಸಿದ್ದ ಅದೇ ಬೆಲೆ. ಆ ಒಂದು ಒಟಿಪಿಗಾಗಿ ನಿನ್ನ ಫೋನಿಗೆ ಚಾರ್ಜ್ ಹಾಕುತ್ತಾ ಬಂದೆ. ಕಟ್ಟುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಮಾಲೀಕರ ವಿವರದಲ್ಲಿ ಬದಲಾವಣೆ ಇದೆಯೇ? ಎರಡು ಸಲವೂ ಇಲ್ಲ ಎಂದು ಒತ್ತಿದೆ.

ಈ ಸಲದ ಬುದ್ಧ ಪೂರ್ಣಿಮೆಗೆ ಎರಡು ದಿನ ಉಳಿದಿತ್ತು. ಕೆಲಸ ಮುಗಿಸಿ ಬಸ್ಸಿನಲ್ಲಿ ಬರುವಾಗಲೇ ಮಳೆ, ಗಾಳಿ. ಗಲ್ಲಿಯ ತಿರುವಿನಲ್ಲಿ ಜನ ನಿಂತಿದ್ದರು. ಪಕ್ಕದ ಕಾಂಪೌಂಡಿನ ಗುಲ್‌ಮೊಹರ್ ಬುಡಸಮೇತ ಬಂದು ನಮ್ಮ ಶೆಡ್ಡಿನ ಮೇಲೆ ಬಿದ್ದಿತ್ತು. ಹೂ ಬಿಟ್ಟ ಮರ. ತಗಡು ಸರಿಸಿ ನೋಡಿದರೆ ಹಸಿರು ಕಾರಿನ ಮೇಲೆಲ್ಲ ಕೆಂಪು ಹೂ, ಒಡೆದ ಗಾಜು. ಹಿಂಭಾಗ ನೆಲಕ್ಕೆ ಕುಸಿದಿತ್ತು. ಅಡಿಯ ಚೌಕಟ್ಟು, ಚಾಸಿ, ಬಾಗಿದೆ ಎಂದು ಮಾರನೇ ದಿನ ಮೆಕ್ಯಾನಿಕ್ ಹೇಳಿದ. ರಿಪೇರಿ ಆಗುತ್ತದೆ, ಆದರೆ ವಿಮೆ ಬರದೆ ಕೈ ಹಾಕುವ ಕೆಲಸವಲ್ಲ ಎಂದೂ ಹೇಳಿದ. ಪಾಲಿಸಿ ಇದೆ ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ ಗೊತ್ತಾ.

ವಿಮೆ ಕಂಪನಿಯಿಂದ ಬಂದ ಸರ್ವೇಯರ್ ಶರಣಪ್ಪ ಎಂದು, ಕಲಬುರಗಿ ಕಡೆಯವರು. ಕಾರಿನ ಸುತ್ತ ಚಪ್ಪಲಿ ಬಿಟ್ಟು ಓಡಾಡಿದರು ಅಪ್ಪ, ಗಾಜು ಚುಚ್ಚುತ್ತದೆ ಎಂದರೂ ಕೇಳಲಿಲ್ಲ. ಎಂಜಿನ್ ನೋಡಿ, "ಇಷ್ಟು ಚಂದ ಇಟ್ಟ ಗಾಡಿ ನಾ ನೋಡಿಲ್ರಿ" ಅಂದರು. ಫೋಟೊ ತೆಗೆದು, ಬರೆದುಕೊಂಡು, ಕೊನೆಗೆ ಫಾರಂ ಮುಂದೆ ಹಿಡಿದು, "ಮಾಲಕರು ಎಲ್ಲಿ ಅದಾರ್ರೀ? ಅವರ ಸಹಿ ಬೇಕಾಗ್ತದ" ಎಂದರು.

"ಹೊರಗೆ ಹೋಗಿದಾರೆ." ನನ್ನ ಬಾಯಿಂದ ಬಂದದ್ದು ಇದೇ.

"ಆತು, ಫಾರಂ ಇಟ್ಕೋರಿ. ನಾಳೆ ಮಧ್ಯಾಹ್ನ ಬಂದು ಇಸ್ಕೋತೀನಿ."

ನಿನಗೆ ಸಹಿ ಹಾಕಲು ಕಲಿಸಿದವಳು ನಾನು. ನಾಲ್ಕನೇ ಕ್ಲಾಸಿನಲ್ಲಿದ್ದಾಗ, ನನ್ನ ಸ್ಲೇಟಿನ ಮೇಲೆ. ಮು ಬರೆಯುವಾಗ ನಿನ್ನ ಕೈ ಹೇಗೆ ನಡುಗಿ ಮೇಲೇಳುತ್ತಿತ್ತು ಎಂಬುದು ನನಗಲ್ಲದೆ ಯಾರಿಗೆ ಗೊತ್ತು? ಅವರು ಹೋದ ಮೇಲೆ ಪೇಪರಿನ ಅಂಚಿನಲ್ಲಿ ಬರೆದು ನೋಡಿದೆ. ಒಂದೇ ಸಲಕ್ಕೆ ಬಂತು. ನೀನೇ ಬಂದು ಹಾಕಿದ ಹಾಗಿತ್ತು. ಫಾರಂ ಎಳೆದುಕೊಂಡೆ, ಪೆನ್ನು ಊರಿದೆ. ಆಗ ನನಗೆ ಹೆದರಿಕೆಯಾದದ್ದು ಪೊಲೀಸರಿಗಲ್ಲ. ನಾಳೆ ಯಾರಾದರೂ ಕಂಡುಹಿಡಿದರೆ ಆ ಕಾಗದದಲ್ಲಿ ಮೋಸಗಾರನ ಸಹಿ ಅಂತ ಇರುವುದು ನಿನ್ನದಲ್ಲವಾ? ಆಗಲಿಲ್ಲ ಅಪ್ಪ.

ಮಾರನೇ ಮಧ್ಯಾಹ್ನ ಶರಣಪ್ಪನವರಿಗೆ ನಿಜ ಹೇಳಿದೆ. ಮೂರು ವರ್ಷದ ಲೆಕ್ಕ, ಒಟಿಪಿ, ಎಲ್ಲ. ಅವರು ಕುರ್ಚಿಯಲ್ಲಿ ಕೂತು ಪಾಲಿಸಿಯ ತಾರೀಖು ನೋಡಿದರು. "ಅವರು ತೀರಿಕೊಂಡಾಗ ಇದ್ದ ಪಾಲಿಸಿ ಆಗಿದ್ರ ವಾರಸದಾರರು ಅಂತ ಏನರ ಮಾಡಬಹುದಿತ್ತು ಅಕ್ಕಾರ. ಇದು ಆಮ್ಯಾಲೆ ಎರಡು ಸಲ ಕಟ್ಟಿದ್ದು. ಇಲ್ಲದವರ ಹೆಸರಲ್ಲಿ ಕಟ್ಟಿದ್ದು ಪಾಲಿಸಿನೇ ಅಲ್ರಿ." ನಾನು ತಂದುಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದಿದ್ದರು. ಏಳುವಾಗ ಕೇಳಿದರು, "ಹೆಸರು ಯಾಕ ಬದಲಿ ಮಾಡಿಸಲಿಲ್ರಿ?" ಟೈಮ್ ಸಿಗ್ಲಿಲ್ಲ ಅಂದೆ.

ಹದಿನೈದು ದಿನದ ಮೇಲೆ ನಿನ್ನ ಫೋನು ಸದ್ದು ಮಾಡಿತು. ಪ್ರಿಯ ಮುನಿಸ್ವಾಮಿ ಅವರೇ, ಪಾಲಿಸಿದಾರರು ಮೃತರಾಗಿರುವುದರಿಂದ ನಿಮ್ಮ ಕ್ಲೇಮ್ ತಿರಸ್ಕೃತವಾಗಿದೆ. ಕಂಪ್ಯೂಟರ್ ಕಳಿಸಿದ್ದು, ಮನುಷ್ಯರಲ್ಲ, ಅದು ನನಗೂ ಗೊತ್ತು. ನೀನು ಸತ್ತ ಸುದ್ದಿಯನ್ನು ನಿನಗೇ ಹೇಳಿದರು. ನೀನು ಹೋದ ದಿನ ಅಳದವಳು ಆವತ್ತು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಎಷ್ಟು ಅತ್ತರೂ ಏನೂ ಹಗುರಾಗಲಿಲ್ಲ.

ಆಮೇಲಿನದ್ದೆಲ್ಲ ಸಲೀಸಾಗಿ ಆಯಿತು. ಮುರಿದ ಕಾರನ್ನು ಗುಜರಿಗೆ ಕೊಡಬೇಕೆಂದರೂ ಆರ್‌ಸಿ ನನ್ನ ಹೆಸರಿಗೆ ಬರಬೇಕಂತೆ. ಅದೇ ಕಚೇರಿ, ಅದೇ ಅರ್ಜಿ. ಈ ಸಲ ಆ ಸಾಲನ್ನು ತುಂಬಿದೆ. ಉಳಿಸುವುದಕ್ಕೆ ತುಂಬಲಾಗದ್ದನ್ನು ಗುಜರಿಗೆ ಹಾಕುವುದಕ್ಕೆ ತುಂಬಿದೆನಲ್ಲ, ಇವಳೆಂಥ ಮಗಳು ಎಂದು ನಿನಗೆ ಅನಿಸುವುದಿಲ್ಲವಾ? ನನಗೆ ದಿನವೂ ಅನಿಸುತ್ತದೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇನ್ನೂ ಇದೆ. ನಾನು ಕಾರು ಓಡಿಸುವುದನ್ನು ಕಲಿತೆ ಅಪ್ಪ. ಕಮ್ಮನಹಳ್ಳಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ, ಭಾನುವಾರ ಬೆಳಿಗ್ಗೆ, ಕಾಲೇಜು ಹುಡುಗಿಯರ ನಡುವೆ ನಲವತ್ತೊಂಬತ್ತು ವರ್ಷದವಳು ನಾನೊಬ್ಬಳೇ. ಏಪ್ರಿಲ್‌ನಲ್ಲಿ ಲೈಸೆನ್ಸ್ ಬಂತು. ಪೂರ್ಣಿಮೆಯ ದಿನ ಬಿಳಿ ಸೀರೆ ಉಟ್ಟು, ನಿನ್ನ ಹೆರಾಲ್ಡನ್ನು ಬುದ್ಧ ವಿಹಾರದವರೆಗೆ ನಾನೇ ತೆಗೆದುಕೊಂಡು ಹೋಗಬೇಕೆಂದಿದ್ದೆ. ಯಾರಿಗೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಶಿವಾಜಿನಗರದಿಂದ ಗುಜರಿಯವರು ಬರುತ್ತಾರೆ. ಹಿಂಭಾಗವನ್ನು ಎತ್ತಿ ಟ್ರಾಲಿಗೆ ಕಟ್ಟಿ, ಮುಂದಿನಿಂದ ಹಗ್ಗ ಹಾಕಿ ಎಳೆಯುತ್ತಾರಂತೆ. ಸ್ಟೀರಿಂಗ್ ಹಿಡಿಯಲು ಒಳಗೆ ಒಬ್ಬರು ಕೂರಬೇಕು, ನಮ್ಮ ಹುಡುಗ ಕೂರ್ತಾನೆ ಎಂದರು. ಬೇಡ, ನಾನೇ ಕೂರ್ತೀನಿ ಎಂದು ಹೇಳಿದ್ದೇನೆ. ಡ್ರೈವರ್ ಸೀಟಿನ ಕಡೆ ತಲೆ ತಗ್ಗಿಸಿದರೆ ಕೂರುವಷ್ಟು ಜಾಗ ಉಳಿದಿದೆ. ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ಹಳ್ಳಗಳು ಜಾಸ್ತಿ, ನಿಧಾನವಾಗಿ ತಿರುಗಿಸುತ್ತೇನೆ.