ದೊರೆ ಮುಟ್ಟಿದ ಕುತ್ತಿಗೆ

ಪ್ಯಾರಿಸ್
ಜನವರಿ 27, 1793

ಅಣ್ಣ ನಿಕೇಜ್,

ನೀನು, ಅತ್ತಿಗೆ, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಮೂರು ಕಾಗದಗಳೂ ತಲುಪಿವೆ. ಉತ್ತರ ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಈ ಚಳಿಯಲ್ಲಿ ಹೊಳೆಯಲ್ಲಿ ಊರವರ ಬಟ್ಟೆ ಒಗೆದು ಬಂದರೆ ಬೆರಳು ಮಡಚಲು ಬರುವುದಿಲ್ಲ, ಲೇಖನಿ ಎಲ್ಲಿ ಹಿಡಿಯಲಿ? ಇದು ಅರ್ಧ ನಿಜ. ಇನ್ನರ್ಧ ನಿನಗೂ ಗೊತ್ತು. ನಿನಗೆ ಬರೆಯಲು ಕೂತಾಗೆಲ್ಲ ನನ್ನ ಹಿರಿಮಗಳು ಕ್ಲೋದಿನ್ ಕಣ್ಣೆದುರು ಬರುತ್ತಾಳೆ, ಸಿಟ್ಟು ನೆತ್ತಿಗೇರುತ್ತದೆ. ಹದಿನೇಳು ವರ್ಷವಾದರೂ ಇಳಿದಿಲ್ಲ.

ಮಾರ್ಗೊ ಹೇಗಿದ್ದಾಳೆ ಅಂತ ಮೂರು ಕಾಗದದಲ್ಲೂ ಕೇಳಿದ್ದೀಯ. ಹೇಗಿರುತ್ತಾಳೆ? ಅಕ್ಕನಿಗೆ ಬಂದದ್ದೇ ತಂಗಿಗೂ ಬಂದಿದೆ. ಅದೇ ಗಂಡಮಾಲೆ. ಎಡಗಿವಿಯ ಕೆಳಗೆ ಮೂರು ಗಂಟು, ಅದರಲ್ಲೊಂದು ಕೆಂಪಗಾಗಿ ಕೀವು ತುಂಬಿದೆ. ಒಂಬತ್ತು ವರ್ಷದ ಹುಡುಗಿ ಮುದುಕಿಯ ಹಾಗೆ ಕುತ್ತಿಗೆ ವಾಲಿಸಿಕೊಂಡು ಓಡಾಡುತ್ತಾಳೆ. ನಮ್ಮ ಬೀದಿಯ ಶಸ್ತ್ರವೈದ್ಯ ರಿಕಾರ್ ಹೊಸವರ್ಷದ ವಾರ ನೋಡಿ, "ಈಗ್ಲೇ ಕೊಯ್ದು ತೊಳೆದ್ರೆ ಉಳೀತಾಳಮ್ಮ. ಸುಮ್ನೆ ದಿನ ದೂಡ್ಬೇಡ," ಅಂದರು. ಮನೆಯವರು ಗಡಿಯಲ್ಲಿ ಯುದ್ಧಕ್ಕೆ ಹೋಗಿದ್ದಾರೆ. ನಿರ್ಧಾರ ಮಾಡಬೇಕಾದವಳು ನಾನೊಬ್ಬಳೇ. ಅದನ್ನು ಆಮೇಲೆ ಬರೆಯುತ್ತೇನೆ.

ನಿನ್ನ ದೊರೆಯ ತಲೆ ಹೋದ ಸುದ್ದಿ ರೀಮ್ಸ್‌ಗೆ ಮುಟ್ಟಿರಬೇಕು. ಕಳೆದ ಸೋಮವಾರ ಬೆಳಿಗ್ಗೆ. ನಾನು ಅಲ್ಲೇ ಇದ್ದೆ.

ನಿನ್ನ ದೊರೆ ಅಂತ ಬೇಕೆಂದೇ ಬರೆದೆ. ನಮ್ಮೂರಲ್ಲಿ ಅವನಿಗೆ ಕಿರೀಟ ಇಟ್ಟ ವಾರ ಕ್ಲೋದಿನ್‌ಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಠದ ತೋಟಕ್ಕೆ ಹೋದವನು ನೀನಲ್ಲವೇ? ದೊರೆ ಮುಟ್ಟಿದರೆ ಗಂಡಮಾಲೆ ವಾಸಿಯಾಗುತ್ತದೆ ಅಂತ ನಂಬಿ ಸಾವಿರಾರು ರೋಗಿಗಳು ಸಾಲಾಗಿ ಮಂಡಿಯೂರಿದ್ದರು. ಇಪ್ಪತ್ತು ವರ್ಷದ ಹುಡುಗ ಆ ಬಿಸಿಲಲ್ಲಿ ಒಬ್ಬೊಬ್ಬರ ಮುಖವನ್ನೂ ಸವರುತ್ತ, "ದೊರೆ ನಿನ್ನ ಮುಟ್ಟುತ್ತಾನೆ, ದೇವರು ನಿನ್ನ ವಾಸಿ ಮಾಡಲಿ," ಅನ್ನುತ್ತ ಬಂದ. ನನ್ನ ಮಗಳನ್ನೂ ಮುಟ್ಟಿದ. ನೀನು ಅಲ್ಲೇ ಅತ್ತುಬಿಟ್ಟೆ. ಮನೆಗೆ ಬಂದು ಏನಂದೆ, ನೆನಪಿದೆಯಾ? "ಪೆರಿನ್, ಇದು ದೊರೆ ಮುಟ್ಟಿದ ಕುತ್ತಿಗೆ ಕಣೇ. ಇನ್ಮೇಲೆ ಯಾರ ಕೈಯೂ ತಾಗ್ಬಾರ್ದು, ನೀರೂ ಸೋಕ್ಬಾರ್ದು." ಆಸ್ಪತ್ರೆಯ ಸನ್ಯಾಸಿನಿ ಬಾಗಿಲಿಗೇ ಬಂದು, "ಮಗೂನ ಇಲ್ಲಿ ಕೊಡಿ, ತೊಳೆದು ಪಟ್ಟಿ ಕಟ್ತೀನಿ," ಅಂದಾಗ ನೀನು ಅವಳ ಕೈ ತಳ್ಳಿದೆ. ಸೆಪ್ಟೆಂಬರಿನಲ್ಲಿ ನನ್ನ ಮಗು ಹೋಯಿತು. ಆರೇ ವರ್ಷ ಅವಳಿಗೆ. ಪಾದ್ರಿ ಬಂದು, ನಿಮ್ಮ ನಂಬಿಕೆ ಸಾಲದೆ ಹೋಯಿತು ಅಂದ. ನೀನು ಹೌದು ಅಂತ ತಲೆಯಾಡಿಸಿದೆ. ಅದನ್ನು ನಾನು ಮರೆತಿಲ್ಲ.

ಪ್ಯಾರಿಸ್‌ಗೆ ಬಂದ ಮೇಲೆ ಆ ಮನುಷ್ಯನ ಸುದ್ದಿ ಸಿಕ್ಕಿದಲ್ಲೆಲ್ಲ ಕಿವಿಗೊಟ್ಟು ಕೇಳಿದೆ. ಅರಮನೆಯ ಬಟ್ಟೆ ಒಗೆಯುತ್ತಿದ್ದ ಗೆಳತಿ ಗೋತೊನ್ ಹೇಳುತ್ತಿದ್ದಳು: "ಕೆಟ್ಟೋನಲ್ಲ ಕಣೇ. ಬೇಟೆಗೆ ಹೋಗ್ತಾನೆ, ಹೊಟ್ಟೆ ಬಿರಿಯ ತಿಂತಾನೆ, ಮಾಳಿಗೇಲಿ ಕೂತು ಬೀಗ ಮಾಡ್ತಾನಂತೆ. ಏನ್ ಕೇಳಿದ್ರೂ ನೋಡೋಣ ಅಂತಾನೆ." ಅವನು ನೋಡೋಣ ನೋಡೋಣ ಅನ್ನುತ್ತಿದ್ದ ಹಾಗೇ ಊರಿನಲ್ಲಿ ರೊಟ್ಟಿ ಇಲ್ಲದಾಯಿತು. ಬೀಗ ಮಾಡುವವನಾಗಿಯೇ ಹುಟ್ಟಿದ್ದರೆ ಪುಣ್ಯಾತ್ಮ ಹಣ್ಣು ಹಣ್ಣು ಮುದುಕನಾಗಿ ಹಾಸಿಗೆಯ ಮೇಲೆ ಸಾಯುತ್ತಿದ್ದ.

ಮೂರು ವರ್ಷದ ಹಿಂದೆ ಅಕ್ಟೋಬರಿನಲ್ಲಿ ನಾವು ಹೆಂಗಸರೇ ಮಳೆಯಲ್ಲಿ ನಡೆದುಹೋಗಿ ಅವನನ್ನು ಊರಾಚೆಯ ಅರಮನೆಯಿಂದ ಪ್ಯಾರಿಸ್‌ಗೆ ಕರೆತಂದೆವು. "ರೊಟ್ಟಿ ಸುಡೋನು ಬಂದ! ಅವನ ಹೆಂಡ್ತಿ ಬಂದ್ಲು, ಮರೀನೂ ಬಂತು!" ಅಂತ, ಇನ್ನು ರೊಟ್ಟಿಗೆ ಬರವಿಲ್ಲ ಅಂದುಕೊಂಡು, ದಾರಿಯುದ್ದಕ್ಕೂ ಕೂಗಿದೆವು. ನಾನು ನೂಕಿಕೊಂಡು ಗಾಡಿಯ ಕಿಟಕಿಯ ಹತ್ತಿರ ಹೋದೆ. ನೋಡಬೇಕೆಂದಿದ್ದುದು ಅವನ ಕೈಯನ್ನು. ನೋಡಿದೆ. ಬಿಳಿಯ, ದಪ್ಪನೆಯ, ಮೆತ್ತನೆಯ ಕೈ. ಅಷ್ಟೇ ಅಣ್ಣ, ಬೇರೆ ಏನೂ ಇರಲಿಲ್ಲ.

ಆಮೇಲೆ ಆಳಿನ ವೇಷ ಹಾಕಿಕೊಂಡು ಸಂಸಾರ ಸಮೇತ ಗಡಿಗೆ ಓಡಿದ, ದಾರಿಯಲ್ಲೇ ಸಿಕ್ಕಿಬಿದ್ದ. ವಾಪಸು ಕರೆತಂದ ದಿನ, ಜೈ ಅಂದವರಿಗೆ ಏಟು, ಬೈದವರಿಗೆ ನೇಣು ಅಂತ ಗೋಡೆಗೆ ಅಂಟಿಸಿದ್ದರು. ಅಷ್ಟು ಜನರಲ್ಲಿ ಒಬ್ಬನೂ ಟೋಪಿ ತೆಗೆಯಲಿಲ್ಲ. ಗೋತೊನ್ ನನ್ನ ಕಿವಿಯಲ್ಲಿ, "ಥೂ, ಓಡಿಹೋಗೋಕೂ ಲಾಯಕ್ಕಿಲ್ಲ ನೋಡು," ಅಂದಳು. ಹೋದ ಆಗಸ್ಟಿನಲ್ಲಿ ಜನ ಇಲ್ಲಿನ ಅರಮನೆಗೆ ನುಗ್ಗಿದರು, ಅವನನ್ನು ಗೋಪುರದಲ್ಲಿ ಕೂಡಿಹಾಕಿದರು, ದೊರೆ ಅನ್ನುವ ಹೆಸರನ್ನೂ ಕಿತ್ತುಕೊಂಡು ಹಳೇ ಮನೆತನದ ಹೆಸರಿನಿಂದ ಬರೀ ಕಾಪೆ ಅಂತ ಕರೆದರು. ಸೋಮವಾರ ಮಂಜಿನಲ್ಲಿ ವಧಾಸ್ಥಾನದ ಮೆಟ್ಟಿಲು ಹತ್ತಿದ. ಏನೋ ಹೇಳಲು ಬಾಯಿ ತೆರೆದ, ಮಾತು ಕೇಳಿಸದ ಹಾಗೆ ಡೋಲು ಬಾರಿಸಿಬಿಟ್ಟರು.

ಸಂತೋಷವಾಯಿತಾ ಅಂತ ಕೇಳುತ್ತೀಯಲ್ಲ? ಆಗಬೇಕಿತ್ತು. ಹದಿನೇಳು ವರ್ಷ ಅದಕ್ಕೇ ಕಾದಿದ್ದೆ. ಸುತ್ತ ಜನ ಕೈ ಕೈ ಹಿಡಿದು ಕುಣಿದರು, ನಾನು ಕುಣಿಯಲಿಲ್ಲ. ಅವನು ಸತ್ತದ್ದರಿಂದ ನನ್ನ ಕ್ಲೋದಿನ್ ಎದ್ದು ಬರಲಿಲ್ಲ. ಅವನು ಮುಟ್ಟಿದ, ಹೊರಟುಹೋದ. ಬಾಗಿಲಲ್ಲಿ ನಿಂತು ಆ ಸನ್ಯಾಸಿನಿಯ ಕೈ ತಳ್ಳಿದವನು ಅವನಲ್ಲ, ನೀನು. ಇದನ್ನು ನಿನ್ನ ಮುಖಕ್ಕೆ ಹೇಳಬೇಕಿತ್ತು, ಇವತ್ತು ಕಾಗದದಲ್ಲಾದರೂ ಹೇಳಿದೆ.

ಅತ್ತಿಗೆಯನ್ನು ಕೇಳಿದೆ ಅಂತ ಹೇಳು. ನಿನ್ನ ಮಕ್ಕಳು ಗಟ್ಟಿಮುಟ್ಟಾಗಿ ನೂರು ಕಾಲ ಬಾಳಲಿ. ದೇವರು ನಿನ್ನನ್ನೂ ಚೆನ್ನಾಗಿಟ್ಟಿರಲಿ. ಈ ಕೊನೆಯ ಮಾತು ಬರೆಯಲು ಕಷ್ಟವಾಯಿತು, ಆದರೂ ಬರೆದಿದ್ದೇನೆ.

ನಿನ್ನ ತಂಗಿ,
ಪೆರಿನ್

ತಾ.ಕ.: ಕಾಗದ ಮಡಚಿಟ್ಟವಳು ಮತ್ತೆ ಬಿಚ್ಚಿದ್ದೇನೆ. ಸೋಮವಾರ ಎಲ್ಲ ಮುಗಿದ ಮೇಲೆ ಜನ ಮುನ್ನುಗ್ಗಿ ಕರವಸ್ತ್ರಗಳನ್ನು ಅವನ ರಕ್ತದಲ್ಲಿ ಅದ್ದಿಕೊಂಡರು. ಕೆಲವರು ಅಳುತ್ತಿದ್ದರು, ಕೆಲವರು ನಗುತ್ತಿದ್ದರು. ನಾನೂ ನುಗ್ಗಿದೆ ಅಣ್ಣ, ನಾನೂ ಅದ್ದಿದೆ. ಓಡಿ ಬಂದು ಮಾರ್ಗೊ ಕುತ್ತಿಗೆಗೆ ಕಟ್ಟಿದೆ. ಇವತ್ತಿಗೆ ಆರು ದಿನ. ನಾಲ್ಕು ದಿನದಿಂದ ಜ್ವರ ಇಳಿದಿಲ್ಲ, ಬಟ್ಟೆ ಗಾಯಕ್ಕೆ ಅಂಟಿಕೊಂಡು ವಾಸನೆ ಬರುತ್ತಿದೆ. ರಿಕಾರ್ ಎರಡು ಸಲ ಚಾಕು ಹಿಡಿದುಕೊಂಡೇ ಬಂದರು. ಎರಡು ಸಲವೂ ಅವರ ಕೈ ತಳ್ಳಿದೆ. ಬಿಚ್ಚೋಣ ಅಂತ ಹೋಗುತ್ತೇನೆ, ನಾಳೆಯೇ ವಾಸಿಯಾಗುವುದಿದ್ದರೆ ಏನು ಗತಿ ಅನ್ನಿಸಿ ಕೈ ಹಿಂದಕ್ಕೆ ಬರುತ್ತದೆ. ನಿನಗೂ ಆಗ ಹೀಗೇ ಅನ್ನಿಸಿತ್ತಾ? ಕಾಗದ ಸಿಕ್ಕಿದ ತಕ್ಷಣ ಸಿಕ್ಕಿದ ಗಾಡಿ ಹತ್ತಿ ಬಂದುಬಿಡು. ನನ್ನನ್ನು ಹಿಡಿದು ಪಕ್ಕಕ್ಕೆ ಎಳೆದು, ಆ ಬಟ್ಟೆಯನ್ನು ನೀನೇ ಬಿಚ್ಚು.